ಹೆಣ್ಮಕ್ಕಳ ಸ್ಕೀ: ಬಣ್ಣ ಬಿಟ್ಟು ಒಳಗಿನದನ್ನು ನೋಡ್ರಿ

ಗುಲ್ಮಾರ್ಗ್, ಔಲಿ, ಮನಾಲಿಗೆ ಮೊದಲ ಸಲ ಸ್ಕೀ ಕಲಿಯಲು ಹೋಗುವವರಿಗೆ ಸಾಮಾನಿನ ಚಿಂತೆ ಇರುವುದಿಲ್ಲ. ಕೋರ್ಸ್ ನಡೆಸುವವರೇ ಸ್ಕೀ, ಬೂಟು, ಕೋಲು ಕೊಡುತ್ತಾರೆ. ಸಿಕ್ಕಿದ್ದನ್ನು ಕಟ್ಟಿಕೊಂಡು ಬೀಳುತ್ತ ಏಳುತ್ತ ಕೋರ್ಸು ಮುಗಿಯುತ್ತದೆ. ಗೊಂದಲ ಶುರುವಾಗುವುದು ಮುಂದಿನ ವರ್ಷ, ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಕೂತು ಸ್ವಂತಕ್ಕೊಂದು ಜೋಡಿ ಹುಡುಕಲು ಹೊರಟಾಗ. ಒಂದೇ ಕಂಪನಿಯ ಎರಡು ಸ್ಕೀ, ನೋಡಲು ಅಣ್ಣ-ತಂಗಿ. ಒಂದರ ಮೇಲೆ ‘ವುಮೆನ್ಸ್’ ಅಂತ ಬರೆದಿರುತ್ತದೆ. ಬೆಲೆ ಹೆಚ್ಚು ಕಡಿಮೆ ಅಷ್ಟೇ. ವ್ಯತ್ಯಾಸ ಎಲ್ಲಿದೆ ಎಂದು ಕೇಳಿದರೆ ಬರೋಬ್ಬರಿ ಹೇಳುವವರು ಸಿಗುವುದಿಲ್ಲ.

ಮೊದಲು ಎರಡು ಹೆಸರು ಬಿಡಿಸಿಕೊಳ್ಳೋಣ. ಆಲ್-ಮೌಂಟೇನ್ ಎಂದರೆ ಯಂತ್ರ ಓಡಿಸಿ ಹದ ಮಾಡಿದ ಇಳಿಜಾರು, ಜನ ತುಳಿದು ಗುಪ್ಪೆಯಾದ ಹಿಮ, ಮೊಣಕಾಲುದ್ದದ ಹೊಸ ಹಿಮ, ಈ ಮೂರರಲ್ಲೂ ತಕ್ಕಮಟ್ಟಿಗೆ ನಡೆಯುವ ಸ್ಕೀ. ಮೇಲೆ ಹೋಗಲು ತಂತಿಯ ಮೇಲೆ ಓಡುವ ಗೊಂಡೊಲಾ ಅಥವಾ ಲಿಫ್ಟ್ ಇದೆ ಎಂಬ ಲೆಕ್ಕದಲ್ಲಿ ಇದನ್ನು ಮಾಡಿರುತ್ತಾರೆ. ಬ್ಯಾಕ್‌ಕಂಟ್ರಿ ಅಥವಾ ಟೂರಿಂಗ್ ಸ್ಕೀ ಲಿಫ್ಟ್ ಇಲ್ಲದ ಜಾಗಕ್ಕೆ. ಅಡಿಗೆ ಸ್ಕಿನ್ ಎಂಬ ರೋಮದ ಪಟ್ಟಿ ಅಂಟಿಸಿಕೊಂಡು, ಹಿಮ್ಮಡಿ ಬಿಟ್ಟುಕೊಂಡು, ನಡೆದೇ ಹತ್ತಬೇಕು. ಮೇಲೆ ಹೋಗಿ ಪಟ್ಟಿ ಕಿತ್ತು ಇಳಿಯಬೇಕು. ಮೊದಲನೆಯದಕ್ಕೆ ಗಟ್ಟಿತನ ಮುಖ್ಯ, ಎರಡನೆಯದಕ್ಕೆ ಹಗುರ. ಎರಡೂ ಒಂದೇ ಸ್ಕೀಯಲ್ಲಿ ಪೂರ್ತಿ ಸಿಗುವುದಿಲ್ಲ. ಯಾವುದನ್ನು ಎಷ್ಟು ಬಿಟ್ಟುಕೊಟ್ಟರು ಎಂಬುದರಲ್ಲೇ ಒಂದು ಮಾಡೆಲ್ಲಿಗೂ ಇನ್ನೊಂದಕ್ಕೂ ಇರುವ ಫರಕು.

ಇನ್ನು ‘ವುಮೆನ್ಸ್’ ಎಂಬ ಚೀಟಿ. ಅದರ ಹಿಂದೆ ಕೆಲವೊಮ್ಮೆ ಬೇರೆಯದೇ ಎಂಜಿನಿಯರಿಂಗ್ ಇರುತ್ತದೆ, ಕೆಲವೊಮ್ಮೆ ಬಣ್ಣ ಮಾತ್ರ. ಬ್ಲಿಝರ್ಡ್ ಕಂಪನಿಯ ಬ್ರಾಮಾ ಮತ್ತು ಹೆಣ್ಮಕ್ಕಳ ಬ್ಲ್ಯಾಕ್ ಪರ್ಲ್ ಒಂದೇ ಮನೆತನದವಾಗಿದ್ದವು, ಆದರೆ ಬ್ಲ್ಯಾಕ್ ಪರ್ಲ್‌ನ ಒಳಗೆ ಲೋಹದ ತಗಡಿನ ಆಕಾರ, ಮರದ ಜೋಡಣೆ ಬೇರೆ ಇತ್ತು. ಇನ್ನು ಕೆಲವು ಕಂಪನಿಗಳು ಹೆಣ್ಣು-ಗಂಡು ಎರಡೂ ಹೆಸರಿನಲ್ಲಿ ಒಂದೇ ಅಚ್ಚಿನ ಸ್ಕೀ ಮಾರಿದ್ದಿದೆ, ಚಿತ್ರ ಮಾತ್ರ ಬದಲಿಸಿ. ಅದು ಮೋಸವೇನಲ್ಲ, ಒಳ್ಳೆಯ ಅಚ್ಚಾಗಿದ್ದರೆ ಇಬ್ಬರಿಗೂ ನಡೆಯುತ್ತದೆ. ಆದರೆ ಯಾವುದು ಯಾವ ಬಗೆಯದು ಎಂದು ಕೊಳ್ಳುವವರಿಗೆ ತಿಳಿದಿರಬೇಕು.

ಬಾಗುವ ಲೆಕ್ಕ

ಸ್ಕೀ ತಿರುಗುವುದು ಬಾಗುವುದರಿಂದ. ಪಕ್ಕಕ್ಕೆ ವಾಲಿಸಿ ಭಾರ ಹಾಕಿದಾಗ ನಡು ಕೆಳಗಿಳಿದು, ಮೂತಿ ಮತ್ತು ಬಾಲ ಮೇಲೆ ಉಳಿದು, ಅಂಚು ಹಿಮದಲ್ಲಿ ಕಮಾನು ಕೊರೆಯುತ್ತದೆ. ಇದೇ ಕಾರ್ವಿಂಗ್. ಬಾಗದ ಸ್ಕೀ ನೆಟ್ಟಗೆ ಓಡುತ್ತದೆ, ಇಲ್ಲವೇ ಅಡ್ಡ ಜಾರುತ್ತದೆ. ಆಗ ಸವಾರಿಣಿ ಸೊಂಟ ತಿರುವಿ, ಮೊಣಕಾಲು ನೂಕಿ ಅದನ್ನು ಎಳೆದಾಡುತ್ತಾಳೆ. ‘ನನಗೆ ಕಾರ್ವಿಂಗ್ ಬರ್ತಿಲ್ಲ’ ಎಂದು ಕೊರಗುವ ಎಷ್ಟೋ ಹಗುರ ಮೈಯವರ ತೊಂದರೆ ಕಲಿಕೆಯದ್ದಲ್ಲ, ಕಾಲಿಗೆ ಕಟ್ಟಿದ ಹಲಗೆಯದ್ದು.

ಎರಿ ಹೊಲದ ಕಾಲುವೆಗೆ ಅಡ್ಡ ಹಾಕಿದ ಹಲಗೆಯನ್ನು ನೆನೆಸಿಕೊಳ್ಳಿ. ಅಗಲ ಕಾಲುವೆಯ ಮೇಲಿನ ಉದ್ದ ಹಲಗೆ ತುಳಿದರೆ ಜಗ್ಗುತ್ತದೆ, ಅದೇ ದಪ್ಪದ ಗಿಡ್ಡ ಹಲಗೆ ಅಲುಗುವುದಿಲ್ಲ. ಸ್ಕೀಯಲ್ಲೂ ಬಾಗುವ ವಕ್ರತೆ ಭಾರ ಮತ್ತು ಉದ್ದದ ಗುಣಲಬ್ಧಕ್ಕೆ ಅನುಪಾತದಲ್ಲಿ, ಗಟ್ಟಿತನಕ್ಕೆ ವಿಲೋಮದಲ್ಲಿ ಇರುತ್ತದೆ. 80 ಕೆ.ಜಿ. ತೂಕದವನು 180 ಸೆಂ.ಮೀ. ಸ್ಕೀ ಮೇಲೆ, 55 ಕೆ.ಜಿ. ತೂಕದವಳು 160 ಸೆಂ.ಮೀ. ಸ್ಕೀ ಮೇಲೆ ನಿಂತಿದ್ದಾರೆ ಅನ್ನಿ. 55ನ್ನು 80ರಿಂದ ಭಾಗಿಸಿದರೆ 0.69, 160ನ್ನು 180ರಿಂದ ಭಾಗಿಸಿದರೆ 0.89, ಎರಡನ್ನೂ ಗುಣಿಸಿದರೆ 0.61. ಅಂದರೆ ಒಳಗಿನ ದಪ್ಪ ಒಂದೇ ಇಟ್ಟು ಉದ್ದವನ್ನಷ್ಟೇ ಕತ್ತರಿಸಿ ಕೊಟ್ಟರೆ ಅವನ ಸ್ಕೀ ಬಾಗುವ ನೂರರಲ್ಲಿ ಅರವತ್ತು ಪಾಲು ಮಾತ್ರ ಅವಳದು ಬಾಗುತ್ತದೆ. ಬರೀ ಉದ್ದ ಕಡಿಮೆ ಮಾಡಿ ಬಣ್ಣ ಬದಲಿಸುವ ಹಳೆಯ ಪದ್ಧತಿ ಸೋತದ್ದು ಇಲ್ಲಿಯೇ.

ಇದನ್ನು ಸರಿದೂಗಿಸಲು ಗಟ್ಟಿತನವನ್ನೂ 0.61ಕ್ಕೆ ಇಳಿಸಬೇಕು. ಅದಕ್ಕೆ ದಪ್ಪವನ್ನು ಅಷ್ಟು ಇಳಿಸಬೇಕಿಲ್ಲ, ಏಕೆಂದರೆ ಒಂದೇ ಮರದ ಹಲಗೆಯ ಗಟ್ಟಿತನ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ದಪ್ಪ ನೂರಕ್ಕೆ 15ರಷ್ಟು ತಗ್ಗಿದರೆ ಸಾಕು, ಗಟ್ಟಿತನ 0.61ಕ್ಕೆ ಬಂದು ಕೂಡುತ್ತದೆ. ಸ್ಕೀ ಬರೀ ಮರವಲ್ಲ: ನಡುವೆ ಮರದ ಕೋರ್, ಮೇಲೆ ಕೆಳಗೆ ಫೈಬರ್‌ಗ್ಲಾಸ್, ಕೆಲವಕ್ಕೆ ಲೋಹದ ತಗಡು. ಇಂಥ ಪದರ ಜೋಡಣೆಯಲ್ಲಿ ಬಲವೆಲ್ಲ ಹೊರಪದರಗಳಲ್ಲಿರುವುದರಿಂದ ಲೆಕ್ಕ ವರ್ಗದ ಹತ್ತಿರ ಬರುತ್ತದೆ. ಸುಮಾರು ಐದನೇ ಒಂದು ಪಾಲು ತೆಳು ಮಾಡಬೇಕಾಗುತ್ತದೆ. ಪಾದದಡಿ ಕೋರ್‌ನ ದಪ್ಪ 11 ಮಿ.ಮೀ. ಇದ್ದರೆ ಕಡಿಮೆಯಾಗಬೇಕಾದ್ದು 2 ಮಿ.ಮೀ. ಆಸುಪಾಸು. ಬರಿಗಣ್ಣಿಗೆ ಕಾಣದ ಈ 2 ಮಿ.ಮೀ. ಮುಂದೆ ಹೂವಿನ ಚಿತ್ರ ಯಾವ ಲೆಕ್ಕ?

ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ: ಪ್ರತಿ ಉದ್ದಕ್ಕೂ ಕೋರ್ ಬೇರೆ ಮಾಡಿದ್ದಾರೋ, ಇಲ್ಲ ಒಂದೇ ಕೋರ್ ಎಲ್ಲಕ್ಕೂ ಹಾಕಿದ್ದಾರೋ? ಬ್ಲಿಝರ್ಡ್‌ನವರು ಟ್ರೂಬ್ಲೆಂಡ್ ಎಂಬ ಹೆಸರಿನಲ್ಲಿ ಗಟ್ಟಿ ಮತ್ತು ಹಗುರ ಮರದ ಪಟ್ಟಿಗಳನ್ನು ಉದ್ದದಿಂದ ಉದ್ದಕ್ಕೆ ಬೇರೆ ಬೇರೆ ಹೊಂದಿಸುತ್ತಾರೆ. ಈ ವಿವರ ಕೊಡುವ ಕಂಪನಿಯ ಸ್ಕೀಯಲ್ಲಿ ‘ವುಮೆನ್ಸ್’ ಎಂಬ ಚೀಟಿ ಇಲ್ಲದಿದ್ದರೂ 156 ಸೆಂ.ಮೀ. ಜೋಡಿ ಸಣ್ಣ ಮೈಕಟ್ಟಿನವರಿಗೆ ಸರಿಹೋಗುತ್ತದೆ. ತಿರುಗಿಸಿ ಹೇಳುವುದಾದರೆ, 72 ಕೆ.ಜಿ. ತೂಕದ, ಜೋರಾಗಿ ಇಳಿಯುವ, ಕಾಲಲ್ಲಿ ಕಸುವಿರುವ ಹೆಣ್ಮಗಳಿಗೆ ಮೆದು ‘ವುಮೆನ್ಸ್’ ಸ್ಕೀ ಕೊಟ್ಟರೆ ಅದು ವೇಗದಲ್ಲಿ ಹೊಯ್ದಾಡುತ್ತದೆ. ಅವಳು ಗಂಡಸರ ಸಾಲಿನಿಂದ ಆರಿಸಿಕೊಳ್ಳುವುದೇ ಲೇಸು.

ಅಂಗಡಿಯಲ್ಲಿ ಅಥವಾ ಬಾಡಿಗೆ ಕೊಡುವ ಕಡೆ ಕೈಯಲ್ಲೇ ಪರೀಕ್ಷಿಸಬಹುದು. ಬಾಲವನ್ನು ಚಾಪೆಯ ಮೇಲೆ ಊರಿ, ಒಂದು ಕೈಯಲ್ಲಿ ಮೂತಿ ಹಿಡಿದು, ಇನ್ನೊಂದು ಅಂಗೈಯಿಂದ ನಡುವನ್ನು ಮುಂದಕ್ಕೆ ಒತ್ತಿ. ಮೂತಿಯ ಭಾಗ ಸಲೀಸಾಗಿ, ಬಾಲದ ಭಾಗ ಸ್ವಲ್ಪ ಬಿಗಿಯಾಗಿ, ಎಲ್ಲಿಯೂ ಮುರುಕು ಕಾಣದಂತೆ ಬಾಗಬೇಕು. ಒಂದೆಡೆ ಮಾತ್ರ ಮಡಚಿದಂತೆ ಬಾಗಿದರೆ ಆ ಜಾಗದಲ್ಲಿ ಕೋರ್ ಮುರಿದಿದೆ ಅಥವಾ ಪದರ ಬಿಟ್ಟಿದೆ ಎಂದು ತಿಳಿದು ಬದಿಗಿಡಿ. ಎರಡೂ ಸ್ಕೀಗಳನ್ನು ಅಡಿಗೆ ಅಡಿ ಕೂಡಿಸಿ ಹಿಡಿದರೆ ನಡುವೆ ಕೆಲವು ಮಿ.ಮೀ. ಸಂದು ಕಾಣುತ್ತದೆ, ಅದು ಕ್ಯಾಂಬರ್, ಸ್ಕೀಗೆ ಹುಟ್ಟಿನಿಂದ ಬಂದ ಕಮಾನು. ಬಾಡಿಗೆಯ ಹಳೆ ಜೋಡಿಯಲ್ಲಿ ಆ ಸಂದು ಪೂರಾ ಸತ್ತಿದ್ದರೆ ಅಂಚು ಹಿಮವನ್ನು ಹಿಡಿಯುವುದಿಲ್ಲ.

ಮರ, ಲೋಹ, ತೂಕ

ಕೋರ್‌ಗೆ ಬಳಸುವ ಮರಗಳ ಸಾಂದ್ರತೆ ನೋಡಿದರೆ ತೂಕದ ಗುಟ್ಟು ಅರ್ಧ ತಿಳಿಯುತ್ತದೆ. ಪೌಲೋನಿಯಾ ಘನ ಮೀಟರಿಗೆ 300 ಕೆ.ಜಿ. ಹತ್ತಿರ, ಪಾಪ್ಲರ್ 400ರಿಂದ 450, ಆ್ಯಶ್ ಮತ್ತು ಬೀಚ್ 650ರಿಂದ 700. ಪೂರ್ತಿ ಪೌಲೋನಿಯಾ ಹಾಕಿದರೆ ಸ್ಕೀ ಹೂವಿನಷ್ಟು ಹಗುರ, ಆದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನ ಸ್ಕ್ರೂ ಸರಿಯಾಗಿ ಕಚ್ಚುವುದಿಲ್ಲ, ಗಟ್ಟಿ ಹಿಮದ ಮೇಲೆ ಕಂಪನ ನೇರ ಕಾಲಿಗೆ ಬರುತ್ತದೆ. ಆದ್ದರಿಂದ ಪಾದದಡಿ ಬೀಚ್ ಅಥವಾ ಆ್ಯಶ್ ಪಟ್ಟಿ, ಆಚೀಚೆ ಹಗುರ ಮರ. ಇದು ಒಳ್ಳೆಯ ಜೋಡಣೆ.

ಟೈಟಾನಲ್ ಎಂಬ ಹೆಸರು ಕೇಳಿ ಟೈಟೇನಿಯಂ ಎಂದುಕೊಳ್ಳುವವರು ಬಹಳ. ಅದು ಸತು, ಮೆಗ್ನೀಸಿಯಂ, ತಾಮ್ರ ಬೆರೆಸಿದ ಅಲ್ಯೂಮಿನಿಯಂ ಮಿಶ್ರಲೋಹ. ಅರ್ಧ ಮಿ.ಮೀ. ಅಥವಾ ಅದಕ್ಕೂ ತೆಳು ತಗಡು. ಅದರ ಕೆಲಸ ಗಟ್ಟಿ ಮಾಡುವುದಷ್ಟೇ ಅಲ್ಲ, ಕಂಪನ ನುಂಗುವುದು. ಗಂಡಸರ ಮಾಡೆಲ್ಲಿನಲ್ಲಿ ಎರಡು ಪೂರ್ಣ ತಗಡಿದ್ದರೆ ಹೆಣ್ಮಕ್ಕಳ ಜೋಡಿಯಲ್ಲಿ ಒಂದೇ ತಗಡು, ಅದೂ ಮೂತಿ-ಬಾಲದಲ್ಲಿ ಕಿರಿದಾಗಿಸಿದ್ದು. ನಾರ್ಡಿಕಾ ಕಂಪನಿಯ ಗಂಡಸರ ಎನ್‌ಫೋರ್ಸರ್ ಮತ್ತು ಹೆಣ್ಮಕ್ಕಳ ಸಾಂಟಾ ಆನಾ ನಡುವೆ ಇದ್ದ ವ್ಯತ್ಯಾಸ ಇದೇ ಬಗೆಯದು. ತಗಡನ್ನು ಪೂರ್ತಿ ತೆಗೆದು ಕಾರ್ಬನ್ ನೂಲು ಹಾಕಿದ ಸ್ಕೀ ಹಗುರವಾಗುತ್ತದೆ, ಹತ್ತಲು ಸುಖ. ಮಧ್ಯಾಹ್ನದ ಮೇಲೆ ಗಾಜಿನಂತಾದ ಇಳಿಜಾರಿನಲ್ಲಿ ಮಾತ್ರ ಅದು ಪಟಪಟ ಹಾರುತ್ತದೆ.

ಹೆಣ್ಮಕ್ಕಳಿಗೆ ಹಗುರವೇ ಒಳ್ಳೆಯದು ಎಂಬ ಜಾಹೀರಾತಿನ ಮಾತನ್ನು ಅರ್ಧ ಮಾತ್ರ ನಂಬಬೇಕು. ಒಂದೇ ಜೋಡಿಯಲ್ಲಿ ಎಲ್ಲ ಮಾಡಬೇಕೆನ್ನುವವರಿಗೆ ಒಂದೊಂದು ಸ್ಕೀ 1.5ರಿಂದ 1.75 ಕೆ.ಜಿ. ಇರಲಿ. 1.3ಕ್ಕಿಂತ ಕೆಳಗಿನವು ಹತ್ತುವುದನ್ನೇ ದಿನದ ಕೆಲಸ ಮಾಡಿಕೊಂಡವರಿಗೆ.

ಪಾದ ಎಲ್ಲಿ ನಿಲ್ಲಬೇಕು

ಬೈಂಡಿಂಗ್ ಕೂಡಿಸುವ ಜಾಗದ ಬಗ್ಗೆ ಹೆಣ್ಮಕ್ಕಳ ಸ್ಕೀ ಚರ್ಚೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಾಗಿದೆ. ಅಮೆರಿಕದ ಜೀನಿ ಥೋರೆನ್ ಇದನ್ನು ದಶಕಗಳ ಕಾಲ ಸಾರಿದವರು: ಹೆಣ್ಮಕ್ಕಳಿಗೆ ಬೈಂಡಿಂಗ್ ಮುಂದಕ್ಕೆ ಸರಿಸಿ, ಹಿಮ್ಮಡಿ ಸ್ವಲ್ಪ ಎತ್ತರಿಸಿ. ಅದಕ್ಕೆ ಕೊಡುವ ಕಾರಣ ಸಾಮಾನ್ಯವಾಗಿ ಸೊಂಟದ ಅಗಲ, ದೇಹದ ಗುರುತ್ವ ಕೇಂದ್ರ. ಅದಕ್ಕಿಂತ ಸರಳವಾದ ಕಾರಣವೊಂದಿದೆ, ಪಾದದ ಉದ್ದ.

ಬೂಟಿನ ಪಕ್ಕದಲ್ಲಿ ಅಟ್ಟೆಯ ನಟ್ಟನಡುವೆ ಒಂದು ಗೆರೆ ಇರುತ್ತದೆ. ಸ್ಕೀ ಮೇಲೂ ಒಂದು ಗೆರೆ. ಎರಡನ್ನೂ ಕೂಡಿಸಿ ಬೈಂಡಿಂಗ್ ಜಡಿಯುತ್ತಾರೆ. ಆದರೆ ಸ್ಕೀಯನ್ನು ಒತ್ತುವುದು ಅಟ್ಟೆಯ ನಡುವಲ್ಲ, ಹೆಬ್ಬೆರಳಿನ ಬುಡದ ಉಬ್ಬು. ಅದು ನಡುಗೆರೆಯಿಂದ ಪಾದದುದ್ದದ ಸುಮಾರು ಐದನೇ ಒಂದರಷ್ಟು ಮುಂದಿದೆ. 28 ಸೆಂ.ಮೀ. ಪಾದಕ್ಕೆ ಅದು 5.6 ಸೆಂ.ಮೀ., 23 ಸೆಂ.ಮೀ. ಪಾದಕ್ಕೆ 4.6. ಅಂದರೆ ಒಂದೇ ಗೆರೆಗೆ ಜಡಿದರೆ ಸಣ್ಣ ಪಾದದವಳ ಒತ್ತು 1 ಸೆಂ.ಮೀ. ಹಿಂದೆ ಬೀಳುತ್ತದೆ. ಸ್ಕೀಯ ಮೂತಿ ತಡವಾಗಿ ಸ್ಪಂದಿಸುತ್ತದೆ, ಅವಳು ‘ಹಿಂದೆ ಕೂತಿದ್ದೀರಿ, ಮುಂದೆ ಬನ್ನಿ’ ಎಂದು ಮಾಸ್ತರರಿಂದ ದಿನವಿಡೀ ಬೈಸಿಕೊಳ್ಳುತ್ತಾಳೆ.

ನಿಜವಾಗಿ ಹೆಣ್ಮಕ್ಕಳಿಗೆಂದೇ ಮಾಡಿದ ಸ್ಕೀಯಲ್ಲಿ ಕಂಪನಿಯೇ ಗೆರೆಯನ್ನು ಮುಂದಕ್ಕೆ ಹಾಕಿರುತ್ತದೆ. ಅಂಥದ್ದರಲ್ಲಿ ಮತ್ತೆ 1 ಸೆಂ.ಮೀ. ಸರಿಸಿದರೆ ಎರಡು ಸಲ ತಿದ್ದಿದಂತಾಗುತ್ತದೆ. ಹೊಸ ಹಿಮದಲ್ಲಿ ಮೂತಿ ಮುಳುಗಿ ಮುಗ್ಗರಿಸುವಿರಿ. ಗಂಡಸರ ಅಥವಾ ಇಬ್ಬರಿಗೂ ಒಂದೇ ಎನ್ನುವ ಸ್ಕೀಯಾಗಿದ್ದು, ನಿಮ್ಮ ಬೂಟು 24 ಸೆಂ.ಮೀ. ಅಳತೆಗಿಂತ ಸಣ್ಣದಿದ್ದರೆ ಮಾತ್ರ 1 ಸೆಂ.ಮೀ. ಮುಂದಕ್ಕೆ ಕೇಳಿ. ಬ್ಯಾಕ್‌ಕಂಟ್ರಿ ಜೋಡಿಗೆ ಕಂಪನಿಯ ಗೆರೆಯನ್ನೇ ಹಿಡಿಯಿರಿ, ಆಳ ಹಿಮದಲ್ಲಿ ಮೂತಿ ತೇಲುವುದು ಮುಖ್ಯ. ಬಾಡಿಗೆ ಸ್ಕೀಗಳಿಗೆ ಹಳಿಯ ಮೇಲೆ ಜಾರುವ ಬೈಂಡಿಂಗ್ ಇದ್ದರೆ ಮುಂದೆ-ಹಿಂದೆ ಸರಿಸಿ ನೋಡಲು ಒಳ್ಳೆಯ ಅವಕಾಶ. ಸ್ವಂತ ಸ್ಕೀಗೆ ತೂತು ಕೊರೆದ ಮೇಲೆ ಮನಸ್ಸು ಬದಲಿಸುವುದು ಕಷ್ಟ. ಹಳೆಯ ತೂತಿಗೆ ತೀರ ಹತ್ತಿರ ಹೊಸ ತೂತು ಕೊರೆದರೆ ಮರ ಸಡಿಲಾಗಿ ಬೈಂಡಿಂಗ್ ಕಿತ್ತುಬರುತ್ತದೆ.

ಅಗಲ, ತಿರುವು, ಉದ್ದ

ಸ್ಕೀ ಮೇಲೆ 127-88-109 ಎಂದು ಬರೆದಿದ್ದರೆ ಮೂತಿ, ನಡು, ಬಾಲದ ಅಗಲ ಮಿ.ಮೀ.ಗಳಲ್ಲಿ. ನಡು ಎಷ್ಟು ಒಳಗೆ ಸರಿದಿದೆಯೋ ಅಷ್ಟು ಬಿಗಿಯಾದ ತಿರುವು. ಈ ಸೊಂಟದ ವಿನ್ಯಾಸ ಜನಪ್ರಿಯವಾಗಿದ್ದು 1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿಯ ಎಸ್‌ಸಿಎಕ್ಸ್ ಬಂದ ಮೇಲೆ. ಲೆಕ್ಕ ನೀವೇ ಮಾಡಬಹುದು: ಮೂತಿ ಮತ್ತು ಬಾಲವನ್ನು ಕೂಡಿಸಿ, ನಡುವಿನ ಎರಡರಷ್ಟು ಕಳೆದು, 4ರಿಂದ ಭಾಗಿಸಿದರೆ ಒಳಸರಿತ ಸಿಗುತ್ತದೆ, ಇಲ್ಲಿ 15 ಮಿ.ಮೀ. ಹಿಮ ಮುಟ್ಟುವ ಉದ್ದ 1.3 ಮೀಟರ್ ಇದ್ದರೆ ಅದರ ವರ್ಗವನ್ನು ಒಳಸರಿತದ 8ರಷ್ಟರಿಂದ ಭಾಗಿಸಿ: 1.69 ಭಾಗಿಸು 0.12, ಸುಮಾರು 14 ಮೀಟರ್ ತ್ರಿಜ್ಯ. ಅದೇ ಅಗಲಗಳಲ್ಲಿ ಮುಟ್ಟುವ ಉದ್ದ 1.5 ಮೀಟರ್ ಆದರೆ ತ್ರಿಜ್ಯ ಹತ್ತಿರಹತ್ತಿರ 19. ಆದ್ದರಿಂದ ಗಿಡ್ಡ ಸ್ಕೀ ತಾನಾಗಿಯೇ ಬಿಗಿಯಾಗಿ ತಿರುಗುತ್ತದೆ. ಆಲ್-ಮೌಂಟೇನ್‌ಗೆ 13ರಿಂದ 16 ಮೀಟರ್ ಹಿತ. 12ಕ್ಕಿಂತ ಕಡಿಮೆ ಇದ್ದರೆ ಆಳ ಹಿಮದಲ್ಲಿ ಅಂಚು ಬೇಡದಿದ್ದರೂ ಕೊಕ್ಕೆ ಹಾಕುತ್ತದೆ.

ನಡುವಿನ ಅಗಲದ ವಿಷಯದಲ್ಲಿ ಗಂಡಸರನ್ನು ನೋಡಿ ನಕಲು ಮಾಡುವುದು ದೊಡ್ಡ ತಪ್ಪು. ತೇಲುವುದು ತೂಕಕ್ಕೆ ಎಷ್ಟು ವಿಸ್ತೀರ್ಣ ಸಿಕ್ಕಿತು ಎಂಬುದರ ಮೇಲೆ. 80 ಕೆ.ಜಿ. ತೂಕದವನು 180 ಸೆಂ.ಮೀ. ಉದ್ದದ, 106 ಮಿ.ಮೀ. ನಡುವಿನ ಸ್ಕೀಯಲ್ಲಿ ತೇಲುವುದಕ್ಕಿಂತ 55 ಕೆ.ಜಿ. ತೂಕದವಳು 160 ಸೆಂ.ಮೀ., 88 ಮಿ.ಮೀ. ಸ್ಕೀಯಲ್ಲಿ ಸ್ವಲ್ಪ ಚೆನ್ನಾಗಿಯೇ ತೇಲುತ್ತಾಳೆ. ಅಗಲ ಹೆಚ್ಚಾದಷ್ಟೂ ಗಟ್ಟಿ ಹಿಮದಲ್ಲಿ ಅಂಚು ಪಾದದಿಂದ ದೂರ ಸರಿದು, ವಾಲಿಸಲು ಮೊಣಕಾಲಿಗೆ ಹೆಚ್ಚು ತಿರುಚು ಬೀಳುತ್ತದೆ. ಸಣ್ಣ ಬೂಟಿನವರಿಗೆ ಇದು ಬೇಗ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ ಗುಲ್ಮಾರ್ಗ್‌ಗೆ ಹೋಗಿ, ಅರ್ಧ ದಿನ ಕೆಳಗಿನ ಇಳಿಜಾರು, ಅರ್ಧ ದಿನ ಮೇಲಿನ ಅಫರ್ವಟ್ ಬೆಟ್ಟದ ಹೊಸ ಹಿಮ ಎನ್ನುವ ಹಗುರ ಮೈಯವರಿಗೆ 88ರಿಂದ 94 ಮಿ.ಮೀ. ಸಾಕು. 100 ದಾಟಬೇಕಾದ್ದು ಬರೀ ಹೊಸ ಹಿಮವನ್ನೇ ಅರಸಿ ಹೋಗುವವರು.

ರಾಕರ್ ಎಂದರೆ ಕ್ಯಾಂಬರಿನ ತಿರುವುಮುರುವು: ಮೂತಿ ಬೇಗನೆ ನೆಲ ಬಿಟ್ಟು ಏಳುವುದು. 2002ರ ವೊಲಾಂಟ್ ಸ್ಪ್ಯಾಚುಲಾ ಎಂಬ ಸ್ಕೀ, ಸ್ಕೀಯರ್ ಶೇನ್ ಮೆಕಾಂಕಿಯ ತಲೆಯಿಂದ ಹುಟ್ಟಿದ್ದು, ಇದನ್ನು ಅತಿಗೆ ಒಯ್ದು ತೋರಿಸಿತು. ಈಗಿನ ಆಲ್-ಮೌಂಟೇನ್ ಜೋಡಿಗಳಲ್ಲಿ ಮೂತಿಗೆ ರಾಕರ್, ಪಾದದಡಿ ಕ್ಯಾಂಬರ್, ಬಾಲಕ್ಕೆ ಚೂರು ರಾಕರ್. ಬಾಲದ ರಾಕರ್ ಹೆಣ್ಮಕ್ಕಳಿಗೆ ಒಂದು ಕಾರಣಕ್ಕೆ ಮುಖ್ಯ. ಹವ್ಯಾಸಿ ಸ್ಕೀಯಲ್ಲಿ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಗಂಡಸರಿಗಿಂತ ಹೆಣ್ಮಕ್ಕಳಲ್ಲಿ ಹೆಚ್ಚು. ಅದು ಆಗುವ ಒಂದು ಸಾಮಾನ್ಯ ಬಗೆ, ಹಿಂದಕ್ಕೆ ಬೀಳುವಾಗ ಕೆಳಗಿನ ಸ್ಕೀಯ ಬಾಲದ ಒಳಅಂಚು ಕಚ್ಚಿಕೊಂಡು ಮೊಣಕಾಲನ್ನು ತಿರುಚುವುದು. ಗಟ್ಟಿಯಾದ, ಚಪ್ಪಟೆ ಬಾಲ ಹೆಚ್ಚು ಕಚ್ಚುತ್ತದೆ. ಸ್ವಲ್ಪ ಎತ್ತಿದ, ಮೆದು ಬಾಲ ಜಾರಿಬಿಡುತ್ತದೆ.

ಉದ್ದಕ್ಕೆ ಎತ್ತರದ ಪಟ್ಟಿಗಿಂತ ತೂಕದ ಅಂದಾಜೇ ಮೇಲು. 45-55 ಕೆ.ಜಿ.ಗೆ 150-158 ಸೆಂ.ಮೀ., 55-65ಕ್ಕೆ 156-164, 65-75ಕ್ಕೆ 162-172. ಬ್ಯಾಕ್‌ಕಂಟ್ರಿಗೆ ಬೆನ್ನಿನ ಚೀಲದ 8 ಕೆ.ಜಿ. ಸೇರಿಸಿ ಎಣಿಸಬೇಕು, ಆದರೆ ಕಡಿದಾದ ಜಾಗದಲ್ಲಿ ಕಾಲೆತ್ತಿ ಸ್ಕೀ ತಿರುಗಿಸುವ ಕಿಕ್ ಟರ್ನ್‌ಗೆ ಗಿಡ್ಡದ್ದೇ ಸಸಾರ. ಈ ಎರಡರ ನಡುವೆ ಒಂದು ಅಳತೆ ಕೆಳಗಿಳಿಯುವುದು ಹೊಸಬರಿಗೆ ಒಳ್ಳೆಯದು. ರಾಕರ್ ಹೆಚ್ಚಿರುವ ಸ್ಕೀ ಗಟ್ಟಿ ಹಿಮದಲ್ಲಿ ತನ್ನ ಅಳತೆಗಿಂತ ಗಿಡ್ಡವಾಗಿ ವರ್ತಿಸುತ್ತದೆ, ಅದಕ್ಕೆ 4-5 ಸೆಂ.ಮೀ. ಹೆಚ್ಚಿದ್ದರೂ ಚಿಂತೆಯಿಲ್ಲ.

ದುಡ್ಡು ಮೊದಲು ಬೂಟಿಗೆ

ವರ್ಷಕ್ಕೆ ಹದಿನೈದು ದಿನ ಹಿಮ ಕಾಣುವ ನಮ್ಮ ಕಡೆಯವರು ಮೊದಲು ಬೂಟು ತಗೋಬೇಕು, ಸ್ಕೀ ಬಾಡಿಗೆಗೆ ಇರಲಿ. ಬೂಟಿನ ಅಳತೆ ಎಂದರೆ ಪಾದದ ಉದ್ದ ಸೆಂ.ಮೀ.ಗಳಲ್ಲಿ, ಗೋಡೆಗೆ ಹಿಮ್ಮಡಿ ತಾಗಿಸಿ, ಸಂಜೆ ಹೊತ್ತು, ಎರಡೂ ಪಾದ ಅಳೆಯಿರಿ. 23 ಮತ್ತು 23.5ಕ್ಕೆ ಹೊರಚಿಪ್ಪು ಒಂದೇ. ಅಗಲ 98, 100, 102 ಮಿ.ಮೀ. ಎಂದು ಬರುತ್ತದೆ, ಚಪ್ಪಲಿ ಹಾಕಿ ಬೆಳೆದ ಅಗಲ ಪಾದದವರು 98ರಲ್ಲಿ ನರಳುತ್ತಾರೆ. ಹೆಣ್ಮಕ್ಕಳ ಮೀನಖಂಡ ಕಾಲಿನಲ್ಲಿ ಕೆಳಗಿನಿಂದಲೇ ತುಂಬಿಕೊಳ್ಳುವುದರಿಂದ ಅವರ ಬೂಟಿನ ಕತ್ತು ಗಿಡ್ಡ, ಮೇಲೆ ಅಗಲ. ಇದು ಬಣ್ಣದ ಮಾತಲ್ಲ, ನಿಜವಾದ ಉಪಯೋಗ. ಗಂಡಸರ ಬೂಟಿನ ಎತ್ತರದ ಕತ್ತು ಮೀನಖಂಡವನ್ನು ಒತ್ತಿ ರಕ್ತ ತಡೆದು ಬೆರಳು ಮರಗಟ್ಟಿಸುತ್ತದೆ, ಮೈಯನ್ನು ಬಲವಂತವಾಗಿ ಮುಂದಕ್ಕೂ ನೂಕುತ್ತದೆ.

ಇನ್ನೊಂದು ಮಾತು ವಿದೇಶದ ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಕಾಲುಂಗುರ ತೆಗೆದೇ ಬೂಟು ಹಾಕಬೇಕು. ಬಿಗಿ ಚಿಪ್ಪಿನೊಳಗೆ ಅದು ಎರಡನೇ ಬೆರಳನ್ನು ಕೊರೆಯುತ್ತದೆ, ಬೆರಳು ಊದಿಕೊಂಡರೆ ಆಮೇಲೆ ತೆಗೆಯಲು ಬರುವುದಿಲ್ಲ. ಕಾಲ್ಗೆಜ್ಜೆಯೂ ಅಷ್ಟೇ. ಕಾಲುಚೀಲ ತೆಳ್ಳಗಿನದು, ಒಂದೇ ಜೊತೆ. ಚಳಿಯೆಂದು ಎರಡು ಜೊತೆ ಹಾಕಿದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ.

ಬೈಂಡಿಂಗ್‌ನಲ್ಲಿ ಡಿನ್ ಸಂಖ್ಯೆ ಎಂಬುದೊಂದಿದೆ, ಎಷ್ಟು ತಿರುಚಿದರೆ ಬೂಟು ಬಿಟ್ಟುಕೊಳ್ಳಬೇಕು ಎಂಬುದರ ಅಳತೆ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಸವಾರಿಯ ಜೋರು, ಇಷ್ಟನ್ನೂ ಪಟ್ಟಿಯಲ್ಲಿ ನೋಡಿ ತಂತ್ರಜ್ಞರು ಹೊಂದಿಸುತ್ತಾರೆ. 50-60 ಕೆ.ಜಿ. ತೂಕದ ಹೊಸಬರಿಗೆ ಅದು ಸಾಮಾನ್ಯವಾಗಿ 3.5ರಿಂದ 6ರೊಳಗೆ. ಅಣ್ಣನ ಹಳೆಯ 6-16 ಬೈಂಡಿಂಗ್ ಪುಕ್ಕಟೆ ಸಿಕ್ಕಿತೆಂದು ಹಾಕಿಸಿಕೊಂಡರೆ ಅದರ ಕನಿಷ್ಠವೇ ನಿಮ್ಮ ಗರಿಷ್ಠ. ಬಿದ್ದಾಗ ಬಿಡುವುದಿಲ್ಲ, ಕಾಲೇ ತಿರುಚುತ್ತದೆ. 3-10 ಅಥವಾ 4-13 ವ್ಯಾಪ್ತಿಯದು ನೋಡಿ, ನಿಮ್ಮ ಸಂಖ್ಯೆ ತುದಿಯಲ್ಲಿ ಬೀಳದಿರಲಿ. ತೂಕವನ್ನು ನಾಚಿಕೆಗೆ ಕಡಿಮೆ ಹೇಳಿದರೆ ಸುಮ್ಮಸುಮ್ಮನೆ ಬಿಚ್ಚಿಕೊಳ್ಳುತ್ತದೆ, ಅದೂ ಅಪಾಯವೇ.

ಅಟ್ಟೆಯ ಬಗೆ ಹೊಂದಬೇಕು. ಮಾಮೂಲಿ ಆಲ್ಪೈನ್, ಅಂದರೆ ಲಿಫ್ಟಿನ ಸ್ಕೀಯ, ಅಟ್ಟೆ ಐಎಸ್‌ಓ 5355, ನಡೆಯಲು ಸುಲಭವಾಗುವಂತೆ ಮಾಡಿದ ಗ್ರಿಪ್‌ವಾಕ್ ಅಟ್ಟೆ ಐಎಸ್‌ಓ 23223, ಟೂರಿಂಗ್ ಐಎಸ್‌ಓ 9523. ಟೂರಿಂಗ್ ಬೂಟಿನ ರಬ್ಬರ್ ಅಟ್ಟೆಯನ್ನು ಬರೀ ಆಲ್ಪೈನ್‌ಗೆಂದಿರುವ ಬೈಂಡಿಂಗ್‌ಗೆ ತುರುಕಿದರೆ ಕೂತಂತೆ ಕಾಣುತ್ತದೆ, ಬಿದ್ದಾಗ ಪಕ್ಕಕ್ಕೆ ಜಾರುವುದಿಲ್ಲ. ಬೂಟು ಬಿಟ್ಟಾಗ ಸ್ಕೀ ಓಡಿಹೋಗದಂತೆ ತಡೆಯುವ ಬ್ರೇಕಿನ ಅಗಲ ಸ್ಕೀ ನಡುವಿಗಿಂತ 15 ಮಿ.ಮೀ.ಗಿಂತ ಹೆಚ್ಚಿರಬಾರದು, ಕಡಿಮೆಯಂತೂ ಇರಲೇಬಾರದು.

ಹತ್ತುವವರಿಗೆ

ಆಲ್ಪೈನ್ ಜೋಡಣೆಯಲ್ಲಿ ಒಂದು ಕಾಲಿಗೆ ಸ್ಕೀ 1.7, ಬೈಂಡಿಂಗ್ 1.1, ಒಟ್ಟು 2.8 ಕೆ.ಜಿ. ಬ್ಯಾಕ್‌ಕಂಟ್ರಿ ಸ್ಕೀ 1.25, ಪಿನ್ ಬೈಂಡಿಂಗ್ 0.35, ಒಟ್ಟು 1.6. ಗುಲ್ಮಾರ್ಗ್ ಗೊಂಡೊಲಾದ ಎರಡನೇ ಹಂತ ನಡುನಿಲ್ದಾಣ ಕೊಂಗ್ಡೂರಿಯಿಂದ ಮೇಲೊಯ್ಯುವ 900 ಮೀಟರ್ ಆಸುಪಾಸಿನ ಎತ್ತರವನ್ನು ಸ್ಕಿನ್ ಹಾಕಿ ಅಡ್ಡಡ್ಡ ಹತ್ತಿದರೆ ದಾರಿ ಸುಮಾರು 4 ಕಿ.ಮೀ., ಹೆಜ್ಜೆ 6,500ರಷ್ಟು. ಪ್ರತಿ ಹೆಜ್ಜೆಗೂ 1.2 ಕೆ.ಜಿ. ಹೆಚ್ಚು ಎಳೆಯುವುದೋ ಬಿಡುವುದೋ ಎಂಬುದೇ ಇಲ್ಲಿನ ಆಯ್ಕೆ. 55 ಕೆ.ಜಿ. ತೂಕದವಳಿಗೆ ಈ ಹೊರೆ ಮೈತೂಕಕ್ಕೆ ಹೋಲಿಸಿದರೆ 80 ಕೆ.ಜಿ. ತೂಕದವನಿಗಿಂತ ಒಂದೂವರೆ ಪಟ್ಟು. ಹಾಗಾಗಿ ಹಗುರದ ಮಾತು ಹೆಣ್ಮಕ್ಕಳಿಗೆ ನಿಜವಾಗಿ ಅನ್ವಯಿಸುವುದು ಲಿಫ್ಟಿನ ಸ್ಕೀಗಿಂತ ಇಲ್ಲಿ.

ಪಿನ್ ಬೈಂಡಿಂಗ್‌ನಲ್ಲಿ ಬೂಟಿನ ಮುಂಭಾಗದ ಎರಡು ಲೋಹದ ಗುಳಿಗೆ ಎರಡು ಮೊಳೆ ಕೂಡುತ್ತವೆ. ಆಸ್ಟ್ರಿಯಾದ ಫ್ರಿಟ್ಜ್ ಬಾರ್ಥೆಲ್ 1980ರ ದಶಕದಲ್ಲಿ ರೂಪಿಸಿದ್ದು, ಡೈನಾಫಿಟ್ ಮಾರಿದ್ದು. ಗುಳಿಯಲ್ಲಿ ಮಂಜು ಕಟ್ಟಿದ್ದರೆ ಮೊಳೆ ಪೂರಾ ಕೂಡದೆ ಅರ್ಧ ದಾರಿಯಲ್ಲಿ ಕಳಚುತ್ತದೆ. ಕೂಡಿಸುವ ಮೊದಲು ಗೀರಿ ತೆಗೆದು, ಕಾಲು ನಾಲ್ಕಾರು ಸಲ ಆಡಿಸಿ ನೋಡಬೇಕು.

ಸ್ಕಿನ್ ಮೊಹೇರ್, ಅಂದರೆ ಅಂಗೋರಾ ಮೇಕೆಯ ರೋಮ, ಆದರೆ ಜಾರು ಚೆನ್ನಾಗಿ, ನೈಲಾನ್ ಆದರೆ ಹಿಡಿತ ಮತ್ತು ಬಾಳಿಕೆ. ಮೊಹೇರ್ 70, ನೈಲಾನ್ 30ರ ಬೆರಕೆ ಹೊಸಬರಿಗೆ ಸಾಕು. ಕತ್ತರಿಸುವಾಗ ಎರಡೂ ಕಡೆ ಉಕ್ಕಿನ ಅಂಚು ಸುಮಾರು 2 ಮಿ.ಮೀ. ಬಯಲಾಗಿರಬೇಕು, ಮುಚ್ಚಿದರೆ ಅಡ್ಡ ಇಳಿಜಾರಿನಲ್ಲಿ ಅಂಚು ಕಚ್ಚದೆ ಜಾರುತ್ತೀರಿ.

ಅಫರ್ವಟ್‌ನ ಗುರುತು ಹಾಕಿದ ದಾರಿ ಬಿಟ್ಟರೆ ಅದು ಹಿಮಕುಸಿತದ ಜಾಗ. 2023ರ ಫೆಬ್ರುವರಿಯಲ್ಲಿ ಪೋಲೆಂಡಿನ ಇಬ್ಬರು ಅಲ್ಲೇ ಸತ್ತರು. ಹಿಮ ಕುಸಿಯುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಹೂತವರು ಎಲ್ಲಿದ್ದಾರೆಂದು ತೋರಿಸುವ 457 ಕಿಲೋಹರ್ಟ್ಸ್ ಟ್ರಾನ್ಸೀವರ್, ಚುಚ್ಚಿ ನೋಡುವ ಪ್ರೋಬ್, ಸಲಿಕೆ, ಮೂರೂ ಪ್ರತಿಯೊಬ್ಬರ ಬಳಿಯೂ ಇರಬೇಕು. ಹೂತವರನ್ನು ಕಾಲು ಗಂಟೆಯೊಳಗೆ ತೆಗೆಯದಿದ್ದರೆ ಬದುಕುವ ಅವಕಾಶ ಸರ್ರನೆ ಇಳಿಯುತ್ತದೆ, ಹೊರಗಿನ ಸಹಾಯ ಅಷ್ಟರಲ್ಲಿ ಬರುವುದಿಲ್ಲ.

ಸ್ಕೀ ಉಳಿದ ಹನ್ನೊಂದು ತಿಂಗಳು

ಹುಬ್ಬಳ್ಳಿಯಿಂದ ವಿಮಾನದಲ್ಲಿ ಹೋಗುವುದಾದರೆ ಸ್ಕೀ-ಬೈಂಡಿಂಗ್ 5.5, ಬೂಟು 3.5, ಚೀಲ 2, ಸುಮಾರು 11 ಕೆ.ಜಿ.; 15 ಕೆ.ಜಿ. ಮಿತಿಯಲ್ಲಿ ಬಟ್ಟೆಗೆ ಉಳಿಯುವುದು ನಾಲ್ಕು. ಬೂಟನ್ನು ಕೈಚೀಲದಲ್ಲಿಟ್ಟುಕೊಳ್ಳಿ. ಸಾಮಾನು ತಪ್ಪಿಹೋದರೂ ಸ್ಕೀ ಬಾಡಿಗೆಗೆ ಸಿಗುತ್ತದೆ, ಕಾಲಿಗೆ ಕೂತ ಬೂಟು ಸಿಗುವುದಿಲ್ಲ. ರೈಲಿನಲ್ಲಿ ಸಂಪರ್ಕ ಕ್ರಾಂತಿ ಹಿಡಿದರೆ 160 ಸೆಂ.ಮೀ. ಸ್ಕೀ, ಅಂದರೆ 5 ಅಡಿ 3 ಇಂಚು, 6 ಅಡಿಯ ಬರ್ತಿನ ಉದ್ದದೊಳಗೇ ಮುಗಿಯುತ್ತದೆ.

ಧಾರವಾಡದ ಮಳೆಗಾಲಕ್ಕೆ ಉಕ್ಕಿನ ಅಂಚು ಎಂಟು ದಿನದಲ್ಲಿ ಕೆಂಪಾಗುತ್ತದೆ. ಊರಿಗೆ ಬಂದ ದಿನವೇ ಚೀಲದಿಂದ ತೆಗೆದು ಒರೆಸಿ, ಒಣಗಿಸಿ, ಅಡಿ ಮತ್ತು ಅಂಚು ಎರಡೂ ಮುಚ್ಚುವಂತೆ ದಪ್ಪಗೆ ವ್ಯಾಕ್ಸ್ ಹಾಕಿ, ಕೆರೆಯದೆ ಹಾಗೇ ಬಿಡಿ. ಮುಂದಿನ ಹಂಗಾಮಿಗೆ ಹೋಗುವ ಮುನ್ನ ಕೆರೆದರಾಯಿತು. ಬಟ್ಟೆಯ ಇಸ್ತ್ರಿ ಪೆಟ್ಟಿಗೆ ಬಳಸುವುದಾದರೆ ರೇಷ್ಮೆಯ ಗುರುತಿನಲ್ಲಿ ಶುರು ಮಾಡಿ, ವ್ಯಾಕ್ಸ್ ಕರಗುವಷ್ಟೇ ಏರಿಸಿ. ಹೊಗೆ ಎದ್ದರೆ ಬಿಸಿ ಹೆಚ್ಚಾಯಿತೆಂದೇ ಲೆಕ್ಕ. ಸ್ಕೀಯ ಅಡಿ ಪಾಲಿಥಿಲೀನ್, 130 ಡಿಗ್ರಿ ದಾಟಿದರೆ ಅದೇ ಕರಗುತ್ತದೆ, ಹತ್ತಿ ಬಟ್ಟೆಯ ಗುರುತು ಅದಕ್ಕಿಂತ ಎಷ್ಟೋ ಮೇಲೆ. ಪೆಟ್ಟಿಗೆಯನ್ನು ಒಂದೆಡೆ ನಿಲ್ಲಿಸಬಾರದು. ಆಮೇಲೆ ಅದೇ ಪೆಟ್ಟಿಗೆಯಿಂದ ಸೀರೆ ಇಸ್ತ್ರಿ ಮಾಡುವ ಆಸೆಯನ್ನೂ ಬಿಡಬೇಕು.

ತಗಡಿನ ಚಾವಣಿಯ ಅಟ್ಟದಲ್ಲಿ, ಬಿಸಿಲಿಗೆ ನಿಂತ ಕಾರಿನಲ್ಲಿ ಸ್ಕೀ ಇಡಬೇಡಿ. ಪದರ ಕೂಡಿಸಿದ ಎಪಾಕ್ಸಿ ಅಂಟು ಆ ಶಾಖಕ್ಕೆ ಮೆದುವಾಗಿ ಕಮಾನು ಸಾಯುತ್ತದೆ. ಎರಡನ್ನೂ ಪಟ್ಟಿಯಿಂದ ಬಿಗಿದು ಕಟ್ಟದೆ, ಒಳಕೋಣೆಯ ಗೋಡೆಗೆ ಬಿಡಿಬಿಡಿಯಾಗಿ ಒರಗಿಸಿ ನಿಲ್ಲಿಸಿ. ಸ್ಕಿನ್‌ನ ಅಂಟು ಏಪ್ರಿಲ್-ಮೇ ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಕೆಡುವ ವಸ್ತು: ಜಾಳಿಗೆಯ ಹಾಳೆ ನಡುವೆ ಇಟ್ಟು ಮಡಚಿ, ಗಾಳಿಯಾಡದ ಚೀಲದಲ್ಲಿ ಹಾಕಿ, ಮನೆಯ ತಣ್ಣನೆಯ ಮೂಲೆಯಲ್ಲಿ, ಸಾಧ್ಯವಾದರೆ ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ ಇಡಿ. ನವೆಂಬರಿನಲ್ಲಿ ಒಮ್ಮೆ ತೆಗೆದು ನೋಡಿ. ಅಂಟು ಸ್ಕೀಯ ಅಡಿಗೆ ಹತ್ತಿ ಉಳಿಯುತ್ತಿದ್ದರೆ ಹಳೆಯದನ್ನು ಕೆರೆದು ಹೊಸದು ಬಳಿಯಲು ಇನ್ನೂ ವೇಳೆ ಇರುತ್ತದೆ.